ಹಗ್ಗ ನೋಡಿದ್ದೀನಿ, ದೇವರಾಣೆ

ಫೆಬ್ರವರಿ 3, ಸೋಮವಾರ. ಮಧ್ಯಾಹ್ನ, ರೋಪ್‌ವೇ ಕಂಟ್ರೋಲ್ ರೂಮ್

ಊಟದ ಡಬ್ಬಿ ಮುಚ್ಚಿಟ್ಟು ಬರೆಯುತ್ತಿದ್ದೇನೆ. ಬೆಳಿಗ್ಗೆಯ ತಮಾಷೆ ಬರೆಯದಿದ್ದರೆ ಹೊಟ್ಟೆ ಉಬ್ಬರಿಸೀತು.

ಇಲ್ಲಿನ ಮೆಕ್ಯಾನಿಕ್ ನನ್ನ ಅಣ್ಣ. ಅವನಿಗೆ ಮಂಡಿ ನೋವು, ರಜೆ. ಅವನ ಬದಲು ಬೆಳಗಿನ ತಪಾಸಣೆಗೆ ಮೇಲಿನ ಸ್ಟೇಷನ್ನಿನ ಮೆಕ್ಯಾನಿಕ್ ಬಂದ. ನಮ್ಮ ಇಲ್ಲಪ್ಪ. ಹೆತ್ತವರು ಇಟ್ಟ ಹೆಸರಲ್ಲ ಅದು. ಕೆಲಸಕ್ಕೆ ಸೇರಿದ ದಿನ ಮ್ಯಾನೇಜರ್ “ದೇವರು ದಿಂಡರು ಅಂತ ಏನಾದ್ರೂ ಇದೆಯೇನಯ್ಯಾ?” ಎಂದು ಕೇಳಿದ್ದಕ್ಕೆ “ಇಲ್ಲಪ್ಪ” ಅಂದ. ಅಂಟಿಕೊಂಡಿತು.

ಸ್ಲೋ ರನ್ ಮಾಡಿಸಿದೆ. ನಾನು ಇಲ್ಲಿ ಕೂತು ಮೋಟಾರನ್ನು ಆಮೆ ನಡಿಗೆಯಲ್ಲಿ ಓಡಿಸಬೇಕು. ಅವನು ಕ್ಯಾಬಿನ್ನಿನ ನೆತ್ತಿಯ ಮೇಲೆ ಬೆಲ್ಟ್ ಬಿಗಿದು ನಿಂತು, ಗುಡ್ಡದ ತುದಿಯವರೆಗೂ ಹಗ್ಗವನ್ನು, ಒಂದೊಂದು ಕಂಬದ ಚಕ್ರಗಳನ್ನು ನೋಡುತ್ತಾ ಹೋಗಿ ಬರಬೇಕು. ನಾನು ಗುಂಡಿ ಒತ್ತದೆ ಇದು ಆಗುವ ಕೆಲಸವಲ್ಲ. ಆ ಹೊತ್ತಿಗೆ ಇಲ್ಲಿ ಬೇರೆ ಯಾರೂ ಇರುವುದಿಲ್ಲ, ಒಬ್ಬರು ಮೇಲೆ, ನಾನು ಒಳಗೆ.

ಮುಗಿಸಿ ಬಂದ. ಕೈ ಒರೆಸಿಕೊಂಡ. ಟಿಕೆಟ್ ಸಾಲು ಆಗಲೇ ಬಾಗಿಲ ಹತ್ತಿರ. ಇನ್ನು ಗೋಡೆಯ ಮೇಲಿನ ದೇವರ ಫೋಟೊ ಮುಂದೆ ನಿಂತು, ಸಾಲಿಗೆಲ್ಲ ಕೇಳುವ ಹಾಗೆ “ಹಗ್ಗ ನೋಡಿದ್ದೀನಿ, ಚಕ್ರ ನೋಡಿದ್ದೀನಿ, ದೇವರಾಣೆ” ಅನ್ನಬೇಕು. ಆಮೇಲೆ ನಾನು ಗಂಟೆ ಒತ್ತುವುದು, ಮೊದಲ ಕ್ಯಾಬಿನ್ ಹೊರಡುವುದು. ಈ ರೋಪ್‌ವೇಯ ಹಳೇ ಮಾಲೀಕರು ಮಾಡಿಟ್ಟ ಪದ್ಧತಿ. ಮೊದಲು ಅಪ್ಪ ಈ ಮಾತು ಹೇಳುತ್ತಿದ್ದರು. ಅಪ್ಪನ ನಂತರ ಅಣ್ಣ.

ಇವನು “ಹಗ್ಗ ನೋಡಿದ್ದೀನಿ, ಚಕ್ರ ನೋಡಿದ್ದೀನಿ” ಅಂದು ಬಾಯಿ ಮುಚ್ಚಿದ.

“ಮಿಕ್ಕಿದ್ದು?” ಅಂದೆ.

“ಅಷ್ಟೇ ಅಕ್ಕ. ನೋಡಿದ್ದು ನಾನು. ದೇವರೇನು ನನ್ನ ಜತೆ ಮೇಲೆ ಹತ್ತಿದ್ನಾ, ಸಾಕ್ಷಿ ಹೇಳೋಕೆ?”

ಸಾಲಿನಲ್ಲಿದ್ದ ರಿಟೈರ್ಡ್ ಪೋಸ್ಟ್‌ಮಾಸ್ಟರ್‌ಗೆ ಸಿಟ್ಟು ನೆತ್ತಿಗೇರಿತು. “ದೇವರಿಗೇ ಹೆದರದವನು ನಟ್ಟು ಬೋಲ್ಟಿಗೆ ಹೆದರ್ತಾನೇನ್ರೀ? ನಾನು ನಡ್ಕೊಂಡೇ ಹೋಗ್ತೀನಿ” ಎಂದು ಟಿಕೆಟ್ ವಾಪಸ್ ಕೊಟ್ಟರು. ಅವರ ಹಿಂದೆ ಇನ್ನೂ ಮೂರ್ನಾಲ್ಕು ಜನ. ಗುಡ್ಡದ ಮೇಲಿನ ಶಾಲೆಯ ಹೊಲಿಗೆ ಟೀಚರ್ ಮಾತ್ರ ಚೀಲ ಸರಿಮಾಡಿಕೊಂಡು, “ಇವನೂ ಇದೇ ಕ್ಯಾಬಿನ್ನಲ್ಲೇ ತಾನೇ ಮೇಲೆ ಹೋಗೋದು? ಸಾಕು ಬಿಡಿ” ಎಂದು ಹತ್ತಿ ಕೂತರು.

ನನಗೂ ಸಿಟ್ಟೇ ಬಂತು. ಒಂದು ಮಾತು ಅಂದರೆ ಇವನ ನಾಲಿಗೆ ಸವೆಯುತ್ತಿತ್ತೇ? ನಾನು ನಂಬುವವಳು. ಎದ್ದ ತಕ್ಷಣ ಕೈ ಮುಗಿಯದೆ ಕಾಫಿ ಮುಟ್ಟುವವಳಲ್ಲ. ಮನುಷ್ಯನಿಗೆ ಒಂದು ಭಯ ಅನ್ನುವುದು ಇರಬೇಕು. ಅದಿಲ್ಲದವನನ್ನು ಯಾವ ಆಧಾರದ ಮೇಲೆ ನಂಬುವುದು?

ಫೆಬ್ರವರಿ 7, ಶುಕ್ರವಾರ

ಅಣ್ಣ ಡ್ಯೂಟಿಗೆ ಬಂದ. ಇನ್ನೂ ಕುಂಟುತ್ತಿದ್ದಾನೆ. ಏಣಿಯ ಬುಡದಲ್ಲಿ ನಿಂತು ಮೇಲೆ ನೋಡಿದ, ಮಂಡಿ ಒತ್ತಿಕೊಂಡ, ಒಳಗೆ ಬಂದು ಕೂತ. “ನಿನ್ನೆ ಇಲ್ಲಪ್ಪ ಹೋಗಿ ನೋಡಿದ್ದಾನಲ್ಲೇ ಪುಟ್ಟಿ. ಒಂದು ರಾತ್ರೀಲಿ ಹಗ್ಗ ಏನು ಓಡಿಹೋಗತ್ತಾ?”

ಸ್ಲೋ ರನ್ ಆಗಲಿಲ್ಲ. ಸಾಲು ಬಂದ ಮೇಲೆ ಎದ್ದು ಫೋಟೊ ಮುಂದೆ ನಿಂತ. ಎಂದಿನ ಗಟ್ಟಿ ದನಿ. ಹಗ್ಗ, ಚಕ್ರ, ದೇವರಾಣೆ. ಗಂಟೆ ಒತ್ತಿದೆ.

ಈ ಚಳಿಗಾಲದಲ್ಲಿ ಇದು ಮೊದಲ ಸಲವಲ್ಲ. ಏನು ಹೇಳಲಿ? ಅಪ್ಪ ಸತ್ತಾಗ ಕಾಲೇಜು ಬಿಟ್ಟು ಗ್ರೀಸ್ ಡಬ್ಬ ಹಿಡಿದವನು. ನನ್ನನ್ನು ಓದಿಸಿ, ಈ ಕುರ್ಚಿಯಲ್ಲಿ ತಂದು ಕೂರಿಸಿದವನು. ನೋವು ಅಂದರೆ ನೋವು.

ಮಧ್ಯಾಹ್ನ ಮೇಲಿನಿಂದ ಇಲ್ಲಪ್ಪ ಇಂಟರ್‌ಕಾಮಿನಲ್ಲಿ: ಎರಡನೇ ಕಂಬ ದಾಟುವಾಗ ಒಂದು ಚಕ್ರ ಕಿರ್ ಅನ್ನುತ್ತಿದೆ, ಹತ್ತಿರ ಹೋಗಿ ನೋಡಬೇಕು. ಸ್ಪೀಕರ್ ಆನ್ ಇತ್ತು, ನಾನೂ ಕೇಳಿದೆ. ಅಣ್ಣ “ಆಯ್ತಪ್ಪ, ನೋಡ್ತೀನಿ” ಅಂದ.

ಫೆಬ್ರವರಿ 10, ಸೋಮವಾರ. ಬೆಳಿಗ್ಗೆ

ಗಾಳಿ. ಕಿಟಕಿ ಗಾಜು ಗಡಗಡ. ಅಣ್ಣ ಇವತ್ತೂ ಹತ್ತಲಿಲ್ಲ. ಶನಿವಾರವೂ ಇಲ್ಲ. ಹತ್ತದೆಯೇ ಆಣೆ. ಸಂಜೆ ಮನೆಯಲ್ಲಿ ಅತ್ತಿಗೆ ಎದುರಿಗೇ ಕೇಳಿಬಿಡಬೇಕು, ಡಾಕ್ಟರ ಹತ್ತಿರ ಯಾವಾಗ ಹೋಗುತ್ತೀ ಅಂತ. ಮೂರನೇ ಕ್ಯಾಬಿನ್ ಬಿಡುವ ಹೊತ್ತಾಯಿತು, ಆಮೇಲೆ

ಫೆಬ್ರವರಿ 13, ಗುರುವಾರ

ಮೂರು ದಿನ ಪುಸ್ತಕ ಮುಟ್ಟಿರಲಿಲ್ಲ. ಈಗ ಬರೆಯಬಹುದು.

ಮೂರನೇ ಕ್ಯಾಬಿನ್. ಒಳಗೆ ಹೊಲಿಗೆ ಟೀಚರ್ ಒಬ್ಬರೇ. ಎರಡನೇ ಕಂಬದ ಚಕ್ರ ಕಚ್ಚಿಕೊಂಡು ನಿಂತಿತು. ಹಗ್ಗ ಚಕ್ರದ ಜಾಡಿನಿಂದ ಜಾರಿತು. ಕ್ಯಾಬಿನ್ ಒಂದಾಳುದ್ದ ಕುಸಿದು ಗಕ್ಕನೆ ನಿಂತಿತು. ನನ್ನ ಬೋರ್ಡಿನಲ್ಲಿ ಕೆಂಪು ದೀಪ, ಅಷ್ಟೇ. ಹೊರಗೆ ಓಡಿ ನೋಡಿದರೆ ಗುಡ್ಡದ ಮೈಗೆ ಅಡ್ಡಲಾಗಿ ಅದು ತೂಗಾಡುತ್ತಿತ್ತು. ಮೋಟಾರಿನ ಹಿಡಿಕೆಯನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ಕ್ಯಾಬಿನ್ನನ್ನು ಕೆಳಗೆ ಎಳೆದುಕೊಳ್ಳುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಟೀಚರ್ ಬದುಕಿದ್ದಾರೆ. ಬಲಗೈ ಬಾಗಿಲ ಸಂದಿಗೆ ಸಿಕ್ಕಿ ಮಣಿಕಟ್ಟು ಪುಡಿ ಪುಡಿ. ಸ್ಟ್ರೆಚರ್ ಮೇಲೆ ನನ್ನನ್ನು ನೋಡಿ “ನನ್ನ ಚೀಲ ಕ್ಯಾಬಿನ್ನಲ್ಲೇ ಉಳಿದಿದೆ, ಮಕ್ಕಳ ಕಸೂತಿ ಬಟ್ಟೆ ಇದೆ ಅದರಲ್ಲಿ” ಅಂದರು. ಹೊಲಿಯುವ ಕೈ ಅದು. ಡಾಕ್ಟರು ಏನೂ ಭರವಸೆ ಕೊಡುತ್ತಿಲ್ಲ.

ಅಲ್ಲೇ, ಆ ಗಲಾಟೆಯಲ್ಲೇ, ಮ್ಯಾನೇಜರ್ ಬಂದು “ಬೆಳಿಗ್ಗೆ ತಪಾಸಣೆ ಆಗಿತ್ತು ತಾನೇ?” ಎಂದು ಕೇಳಿದರು. ಅಣ್ಣ ನನ್ನ ಪಕ್ಕದಲ್ಲಿ ನಿಂತಿದ್ದ. ಅವನ ಮುಖ ಸುಣ್ಣ ಬಳಿದ ಹಾಗೆ. ನಾನು ತಲೆಯಾಡಿಸಿದೆ. ಹೌದು ಅಂತ.

ಬಾಯಿಂದ ಆಡಲಿಲ್ಲ, ಬರೀ ತಲೆ ಆಡಿಸಿದೆ ಎಂದು ಮೂರು ದಿನದಿಂದ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ನಾಚಿಕೆಯಾಗುತ್ತಿದೆ.

ಫೆಬ್ರವರಿ 15, ಶನಿವಾರ

ಮ್ಯಾನೇಜರ್ ಹೇಳಿಕೆ ತೆಗೆದುಕೊಂಡರು. ಅಣ್ಣ ಫೋಟೊ ಮುಟ್ಟಿ ಹೇಳಿದ: ಸೋಮವಾರ ಮೇಲೆ ಹತ್ತಿ ನೋಡಿದ್ದೆ, ಎರಡನೇ ಕಂಬ ಸರಿಯಾಗಿತ್ತು, ಚಕ್ರ ಕಿರ್ ಅನ್ನುತ್ತಿದೆ ಎಂದು ತನಗೆ ಯಾರೂ ಹೇಳಲಿಲ್ಲ. ಇಲ್ಲಪ್ಪನೂ ಹೇಳಿಕೆ ಕೊಟ್ಟ, ಶುಕ್ರವಾರವೇ ಇಂಟರ್‌ಕಾಮಿನಲ್ಲಿ ತಿಳಿಸಿದ್ದೆ ಎಂದು. ದೇವರ ಮೇಲೆ ಪ್ರಮಾಣ ಮಾಡು ಅಂದರೆ ಮಾಡಲಿಲ್ಲ. “ಸುಳ್ಳು ಹೇಳಿದ್ರೆ ಕೆಲಸದಿಂದ ತೆಗೀರಿ, ಜೈಲಿಗೆ ಹಾಕಿ. ಇಲ್ಲದವನ ಮೇಲೆ ಆಣೆ ಇಟ್ರೆ ಅದೇ ಮೊದಲನೇ ಸುಳ್ಳಾಗತ್ತಲ್ಲ ಸಾರ್” ಅಂದನಂತೆ. ಮ್ಯಾನೇಜರ್ ಅವನ ಹೇಳಿಕೆಯ ಕೆಳಗೆ ‘ಪ್ರಮಾಣಕ್ಕೆ ನಿರಾಕರಿಸಿದ’ ಎಂದು ಬರೆದು ಗೆರೆ ಎಳೆದರು. ಕಳೆದ ವಾರ ಆ ಕಂಬಕ್ಕೆ ಗ್ರೀಸ್ ಹಾಕಿದ್ದು ಅವನೇ, ಆದ್ದರಿಂದ ಏನೋ ಸಡಿಲ ಬಿಟ್ಟು ಬಂದಿದ್ದಾನೆ ಎಂದು ತೀರ್ಮಾನ. ಸಸ್ಪೆಂಡ್. ಮಂಗಳವಾರದ ಮುಂದಿನ ಮಂಗಳವಾರ ಹೊರಗಿನಿಂದ ತನಿಖಾಧಿಕಾರಿ ಬರುತ್ತಾರೆ. ನನ್ನ ಹೇಳಿಕೆ ಅವರ ಮುಂದೆಯೇ ಅಂತೆ.

ಪೋಸ್ಟ್‌ಮಾಸ್ಟರ್ ಬಸ್‌ಸ್ಟಾಪಿನಲ್ಲಿ ಎಲ್ಲರಿಗೂ ಹೇಳುತ್ತಿದ್ದರು: “ನಾನು ಅವತ್ತೇ ಅಂದಿರಲಿಲ್ವಾ? ದೇವರ ಭಯ ಇಲ್ಲದವನು ಏನು ಮಾಡೋಕೂ ಹೇಸಲ್ಲ.”

ಹೌದು ಎಂದು ನಾನೂ ನಂಬಿದ್ದ ಮಾತು. ಹನ್ನೆರಡು ದಿನದ ಹಿಂದೆ ಇದೇ ಪುಸ್ತಕದಲ್ಲಿ ಬರೆದಿದ್ದೇನೆ. ಈಗ ಓದಿ, ಆ ಹಾಳೆಯನ್ನು ಮಡಚಿಟ್ಟೆ.

ಫೆಬ್ರವರಿ 18, ಮಂಗಳವಾರ. ಸಂಜೆ

ಆಸ್ಪತ್ರೆಗೆ ಹೋಗಿದ್ದೆ. ಹಣ್ಣು ತೆಗೆದುಕೊಂಡು, ಕಳ್ಳಿಯ ಹಾಗೆ.

ಟೀಚರ್ ಹಾಸಿಗೆಯ ಮೇಲೆ ಎದ್ದು ಕೂತಿದ್ದರು. ಎದುರಿಗೆ ಸ್ಟೂಲಿನ ಮೇಲೆ ಇಲ್ಲಪ್ಪ. ಗ್ರೀಸ್ ಹೋಗದ ಎರಡು ಬೆರಳಲ್ಲಿ ಸೂಜಿ ಹಿಡಿದಿದ್ದ. ಟೀಚರ್ ಎಡಗೈಯಲ್ಲಿ ದಾರ ಪೋಣಿಸುವುದನ್ನು ಕಲಿಯುತ್ತಿದ್ದರು. ದಾರ ಪಕ್ಕಕ್ಕೆ ಹೋಗುತ್ತಿತ್ತು. “ಅಲ್ಲಾಡಿಸಬೇಡ್ವೋ” ಎಂದು ಅವರು ಬೈಯುವುದು, “ನಾನಲ್ಲ ಟೀಚರ್, ನೀವು” ಎಂದು ಇವನು. ಬಾಗಿಲಲ್ಲೇ ನಿಂತುಬಿಟ್ಟೆ. ಟೀಚರ್ “ಬನ್ನಿ ಬನ್ನಿ, ಹಣ್ಣು ಯಾಕೆ ತಂದ್ರಿ” ಅಂದರು. ಆ ಒಳ್ಳೆಯ ಮಾತನ್ನು ತಡೆದುಕೊಳ್ಳಲು ಆಗಲಿಲ್ಲ.

ಹೊರಗೆ ಕಾರಿಡಾರಿನಲ್ಲಿ ಅವನನ್ನು ಹಿಡಿದು ಕೇಳಿದೆ. “ನೀನ್ಯಾಕೆ ಬರ್ತೀಯೋ ಇಲ್ಲಿಗೆ? ತಪ್ಪು ಒಪ್ಕೊಂಡ ಹಾಗಾಗಲ್ವಾ?”

“ನನ್ನ ಪಾಲಿಂದು ಒಪ್ಕೊಂಡೆ ಅಕ್ಕ. ಶಬ್ದ ಕೇಳಿಸ್ತು. ನಿಮ್ಮಣ್ಣಂಗೆ ಹೇಳಿ ಕೈ ತೊಳ್ಕೊಂಡೆ. ಸ್ಟಾಪ್ ಬಟನ್ ಮೇಲಿನ ಸ್ಟೇಷನ್ನಲ್ಲೂ ಇದೆ. ಒತ್ತಿದ್ರೆ ದೊಡ್ಡ ರಂಪ ಆಗತ್ತೆ, ಬೈಸ್ಕೋಬೇಕು ಅಂತ ಒತ್ತಲಿಲ್ಲ.”

“ಅದಕ್ಕೆ?”

“ಅದಕ್ಕೇನು? ದೇವರ ಹತ್ರ ಹೇಳ್ಕೊಳ್ಳೋ ಹಾಗಿದ್ರೆ ಮನೇಲೇ ಮುಗೀತಿತ್ತು. ನನಗೆ ಆ ಅನುಕೂಲ ಇಲ್ಲ. ಇವರ ಹತ್ರಾನೇ ಬರ್ಬೇಕು.”

ನನಗೆ ಯಾಕೋ ರೇಗಿತು. ಕೆಣಕಬೇಕು ಅನ್ನಿಸಿತು. “ಮೇಲೊಬ್ಬ ನೋಡ್ತಿಲ್ಲ ಅಂತ ತಾನೇ ನೀನು ಹೇಳೋದು? ಹಾಗಿದ್ಮೇಲೆ ಒಂದು ಆಣೆ ಇಟ್ಟು ನಿನಗೆ ಬೇಕಾದ್ದು ಹೇಳಿ ಕೆಲಸ ಉಳಿಸ್ಕೊಳ್ಳೋಕೆ ಏನಡ್ಡಿ? ಯಾರು ನೋಡಿದ್ದಾರೆ?”

ಅವನು ನನ್ನ ಮುಖವನ್ನೇ ನೋಡಿದ. ವ್ಯಂಗ್ಯ ಇರಲಿಲ್ಲ. “ಯಾರೂ ನೋಡಿಲ್ಲ ಅಂತ ಯಾರು ಹೇಳಿದ್ದು ಅಕ್ಕ? ನೀವಿದ್ರಲ್ಲ” ಅಂದ. ಮತ್ತೆ ಸೂಜಿ ಹಿಡಿಯಲು ಒಳಗೆ ಹೋದ.

ಬಸ್ಸು ಬಿಟ್ಟು ನಡೆದೇ ಬಂದೆ.

ಫೆಬ್ರವರಿ 20, ಗುರುವಾರ

ಅಣ್ಣನ ಹತ್ತಿರ ಎತ್ತಿದೆ. ರಿಪೇರಿ ಶೆಡ್ಡಿನಲ್ಲಿ, ಯಾರೂ ಇಲ್ಲದಾಗ. ರೋಪ್‌ವೇ ನಿಂತಿದೆ, ಕೆಲಸವಿಲ್ಲ, ಸುಮ್ಮನೆ ಸ್ಪ್ಯಾನರುಗಳನ್ನು ಒರೆಸಿ ಒರೆಸಿ ಸಾಲಾಗಿ ಇಡುತ್ತಿದ್ದ.

“ನೀನು ಹತ್ತಿರಲಿಲ್ಲ ಅಣ್ಣ. ನಾನು ಗುಂಡೀನೇ ಒತ್ತಿರಲಿಲ್ಲ.”

“ಗೊತ್ತು.”

“ಅವನು ಹೇಳಿದ್ದ. ಸ್ಪೀಕರಲ್ಲಿ ನಾನೂ ಕೇಳಿದೆ.”

“ಗೊತ್ತು ಪುಟ್ಟಿ.” ಸ್ಪ್ಯಾನರ್ ಕೆಳಗಿಟ್ಟ. ಕಣ್ಣು ತುಂಬಿತ್ತು. “ದೇವರ ಹತ್ರ ಎಲ್ಲಾ ಹೇಳ್ಕೊಂಡಿದ್ದೀನಿ. ದಿನಾ ಬೆಳಿಗ್ಗೆ ಅಳ್ತೀನಿ. ನಿನ್ನೆ ಮನಸ್ಸು ಹಗುರ ಆಯ್ತು ಕಣೇ. ಅವನು ಕ್ಷಮಿಸಿದ್ದಾನೆ.”

“ಟೀಚರ್ ಹತ್ರ ಹೇಳಿದ್ಯಾ?”

“ಅವರ ಹತ್ರ ಯಾಕೆ?” ಅಂದ. ನಾಟಕವಲ್ಲ. ನಿಜವಾಗಿ ಅರ್ಥವಾಗಲಿಲ್ಲ ಅವನಿಗೆ.

“ಇಲ್ಲಪ್ಪನ ಕೆಲಸ?”

“ಅವನು ಹುಡುಗ, ಕೈಲಿ ವಿದ್ಯೆ ಇದೆ. ಎಲ್ಲಾದ್ರೂ ಬದುಕ್ತಾನೆ. ನನಗೆ ಈ ವಯಸ್ಸಲ್ಲಿ, ಈ ಮಂಡಿ ಇಟ್ಕೊಂಡು… ಕೇಸು ಅಂದ್ರೆ ಜೈಲು ಪುಟ್ಟಿ.”

ಕೆಟ್ಟವನಲ್ಲ ನನ್ನಣ್ಣ. ಬೀದಿ ನಾಯಿ ಕುಂಟಿದರೂ ಮನೆಗೆ ತರುವವನು. ಇದನ್ನು ಇಲ್ಲಿ ಬರೆದಿಡಬೇಕು, ಇಲ್ಲದಿದ್ದರೆ ನಾನೇ ಮರೆತೇನು. ಅವನ ಹಗುರವಾದ ಮನಸ್ಸಿನ ಮೇಲೆ ನನಗೆ ಅಸೂಯೆಯಾಯಿತು. ಕೋಪವೂ ಬಂತು, ಅವನ ಮೇಲೋ ಅವನ ದೇವರ ಮೇಲೋ ಗೊತ್ತಾಗಲಿಲ್ಲ. ನನ್ನ ದೇವರೂ ಅವನೇ.

ಫೆಬ್ರವರಿ 22, ಶನಿವಾರ. ಬೆಳಿಗ್ಗೆ

ಅಣ್ಣ ದೇವರ ಮುಂದೆ ಚೀಟಿ ಹಾಕೋಣ ಅಂದ.

ನಮ್ಮ ಮನೆಯಲ್ಲಿ ದೊಡ್ಡ ವಿಷಯಕ್ಕೆಲ್ಲ ಚೀಟಿಯೇ. ಅಪ್ಪನ ಆಪರೇಷನ್ನಿಗೆ ಚೀಟಿ. ಈ ಮನೆ ಕೊಳ್ಳುವುದಕ್ಕೆ ಚೀಟಿ. ನನಗೆ ಒಂದು ಸಂಬಂಧ ಬಂದಿತ್ತು, ಹುಡುಗನಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ, ನನಗೆ ಮನಸ್ಸಿತ್ತು. ಅದಕ್ಕೂ ಚೀಟಿ. ‘ಬೇಡ’ ಬಂತು. ದೇವರೇ ಬೇಡ ಅಂದ ಮೇಲೆ ಯಾರ ಜತೆ ಜಗಳವಾಡುವುದು? ಬರೆಯುವುದು ಯಾವಾಗಲೂ ಅಣ್ಣ, ಎತ್ತುವುದು ನಾನು.

ದೇವರ ಮುಂದೆ ಕೂತೆವು. ಅಣ್ಣ ಗೋಡೆ ಕಡೆ ತಿರುಗಿ ಎರಡು ಚೀಟಿ ಬರೆದು ಸುತ್ತಿ ತಟ್ಟೆಯಲ್ಲಿಟ್ಟ. ‘ಹೇಳು’, ‘ಹೇಳಬೇಡ’. “ಏನು ಬಂದ್ರೂ ಸರಿ. ಹೇಳು ಅಂತ ಬಂದ್ರೆ ನಾನೇ ಹೋಗಿ ಒಪ್ಕೋತೀನಿ” ಅಂದ. ಅತ್ತಿಗೆ ಅಡುಗೆಮನೆ ಬಾಗಿಲಲ್ಲಿ ಸೆರಗು ಬಾಯಿಗಿಟ್ಟು ನಿಂತಿದ್ದರು.

ಕೈ ಹಾಕಿದೆ. ಒಂದನ್ನು ಹಿಡಿದೆ. ಬಿಚ್ಚುವ ಮೊದಲು, ಆ ಒಂದು ಕ್ಷಣದಲ್ಲಿ, ನನ್ನೊಳಗೆ ಯಾರೋ ಗಟ್ಟಿಯಾಗಿ ಬೇಡಿಕೊಂಡರು: ಹೇಳು ಅಂತ ಬರಲಿ, ಹೇಳು ಅಂತಲೇ ಬರಲಿ.

ಬಿಚ್ಚಿದೆ. ‘ಹೇಳಬೇಡ’.

ಅಣ್ಣ ಉಸಿರು ಬಿಟ್ಟು ನೆಲಕ್ಕೆ ಹಣೆ ಹಚ್ಚಿದ. ಅತ್ತಿಗೆ ಅತ್ತುಬಿಟ್ಟರು. ನಾನು ಎದ್ದು ಇನ್ನೊಂದು ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಮೇಲಿನ ನನ್ನ ಕೋಣೆಗೆ ಬಂದೆ. ಬಾಗಿಲು ಹಾಕಿಕೊಂಡೆ. ಅಣ್ಣ ಕೆಳಗಿನಿಂದ “ಪುಟ್ಟಿ, ಅದನ್ನ ಕೊಡೇ” ಎಂದು ಕರೆದ. ಎರಡು ಸಲ.

ಅದೇ ದಿನ, ಮಧ್ಯಾಹ್ನ

ಚೀಟಿ ಮೇಜಿನ ಮೇಲಿದೆ. ಹೆಬ್ಬೆರಳ ಉಗುರಿನಷ್ಟು ಕಾಗದ. ಬಿಚ್ಚಿಲ್ಲ.

ಬಿಚ್ಚಿದರೆ ‘ಹೇಳು’ ಅಂತಿದ್ದರೆ, ದೇವರು ನಿಜವಾಗಿಯೂ ಬಾಯಿ ಮುಚ್ಚು ಅಂದ ಹಾಗಾಯಿತು. ಅದರಲ್ಲೂ ‘ಹೇಳಬೇಡ’ ಅಂತಲೇ ಇದ್ದರೆ ಅಣ್ಣ ಅಂದ ಹಾಗಾಯಿತು. ಹಾಗಾದರೆ ಅವತ್ತಿನ ಆ ಸಂಬಂಧದ ಚೀಟಿ? ಬೇಡ. ಅತ್ತ ಯೋಚನೆ ಹರಿಸಲಾರೆ.

ಆದರೆ ಒಂದು ಮಾತು ನನ್ನನ್ನು ಬಿಡುತ್ತಿಲ್ಲ. ಬಿಚ್ಚುವ ಮೊದಲೇ ನನಗೆ ಗೊತ್ತಿತ್ತಲ್ಲ, ಯಾವುದು ಬರಬೇಕು ಅಂತ? ಯಾರು ಹೇಳಿಕೊಟ್ಟರು? ದೇವರು ಅನ್ನೋಣವೆಂದರೆ ದೇವರು ತಟ್ಟೆಯಲ್ಲಿ ಬೇರೆಯೇ ಹೇಳಿದ. ಅವನು ಬೇಡ ಅಂದ ಮೇಲೂ ಟೀಚರ ಕೈ ಕಣ್ಣ ಮುಂದಿನಿಂದ ಹೋಗಲಿಲ್ಲ. ಹೇಳಬೇಡ ಅಂದದ್ದಕ್ಕೆ ನನಗೆ ಸಮಾಧಾನವಾಗಬೇಕಿತ್ತು. ದೇವರ ಮೇಲೇ ಸಿಟ್ಟು ಬಂತು, ನೀನು ತಪ್ಪು ಹೇಳುತ್ತಿದ್ದೀಯ ಎಂದು. ತಪ್ಪು ಎಂದು ಅಳೆಯಲು ನನ್ನ ಹತ್ತಿರ ಇದ್ದ ಕೋಲು ಯಾವುದು? ಇಲ್ಲಪ್ಪನ ಹತ್ತಿರ ಇರುವುದೂ ಅದೇ ಇರಬೇಕು.

ನಂಬಿಕೆ ಹೋಯಿತೇ? ಇಲ್ಲ. ಈಗಲೂ ಕೈ ಮುಗಿದೇ ಬರೆಯಲು ಕೂತೆ. ಆದರೆ ಈ ತೀರ್ಮಾನವನ್ನು ದೇವರ ತಲೆಗೆ ಕಟ್ಟುವುದಿಲ್ಲ.

ಫೆಬ್ರವರಿ 24, ಸೋಮವಾರ. ಸಂಜೆ

ಹೇಳಿಬಿಟ್ಟೆ ಅಣ್ಣನಿಗೆ. ನಾಳೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ, ನಾನು ತಲೆಯಾಡಿಸಿದ್ದನ್ನೂ ಸೇರಿಸಿ. ಬೆನ್ನ ಹಿಂದೆ ಮಾಡಲಾರೆ.

ಅಣ್ಣ ಎದ್ದು ಅಂಗಳಕ್ಕೆ ಹೋದ. ಅತ್ತಿಗೆ ಅಂದರು. “ಚೀಟಿ ಬಂದ ಮೇಲೂ? ದೇವರ ಮಾತಿಗಿಂತ ನಿನ್ನದು ದೊಡ್ಡದಾಯ್ತಾ? ನಿಮ್ಮಣ್ಣ ಒಳಗೆ ಹೋದ್ರೆ ನಿನ್ನ ಸತ್ಯ ಬಂದು ನನಗೆ ಊಟ ಹಾಕತ್ತಾ?”

“ನಾನು ಹಾಕ್ತೀನಿ ಅತ್ತಿಗೆ.”

“ನೀನು ಹಾಕಿದ್ದು ನನ್ನ ಗಂಟಲಲ್ಲಿ ಇಳಿಯತ್ತೇನೇ?”

ತಟ್ಟೆಗಳನ್ನು ತೊಳೆದಿಟ್ಟೆ. ಅಣ್ಣ ಅಂಗಳದಲ್ಲಿ ಆ ಕುಂಟು ನಾಯಿಯ ಕಿವಿ ತುರಿಸುತ್ತಾ ಕೂತಿದ್ದ. ಹತ್ತಿರ ಹೋದೆ. ತಿರುಗಿ ನೋಡಲಿಲ್ಲ. ಇವನು ಇನ್ನು ನನ್ನನ್ನು ಪುಟ್ಟಿ ಅಂತ ಕರೆಯುವುದಿಲ್ಲವೇನೋ. ಅದೊಂದು ಭಯ. ದೇವರ ಭಯ ಅಂತ ಇಷ್ಟು ವರ್ಷ ಅಂದುಕೊಂಡದ್ದು ಇದರ ಮುಂದೆ ಏನೂ ಅಲ್ಲ.

ಫೆಬ್ರವರಿ 25, ಮಂಗಳವಾರ. ತನಿಖಾ ಕೋಣೆಯ ಹೊರಗೆ

ಬೆಂಚು ತಣ್ಣಗಿದೆ. ಒಳಗೆ ಇಲ್ಲಪ್ಪ. ದನಿ ಕೇಳುತ್ತಿದೆ, ಮಾತು ತಿಳಿಯುತ್ತಿಲ್ಲ. ಮುಂದಿನ ಸರದಿ ನನ್ನದು. ಪುಸ್ತಕ ಬ್ಯಾಗಿನಲ್ಲಿತ್ತು, ಕೈಗೆ ಕೆಲಸ ಬೇಕಿತ್ತು.

ಎದುರು ಬೆಂಚಿನಲ್ಲಿ ಅಣ್ಣ. ಇಸ್ತ್ರಿ ಮಾಡಿದ ಯೂನಿಫಾರ್ಮ್. ಬೇರೆ ಬಸ್ಸಿನಲ್ಲಿ ಬಂದ. ನನ್ನ ಕಡೆ ನೋಡಿಲ್ಲ.

ಗುಮಾಸ್ತ ಬಂದು ಕೇಳಿದ, ದೇವರ ಮೇಲೆ ಪ್ರಮಾಣವೋ, ಬರೀ ಪ್ರಮಾಣವೋ? ಎರಡಕ್ಕೂ ಅವಕಾಶ ಇದೆಯಂತೆ. ಬರೀ ಪ್ರಮಾಣ ಅಂದೆ. ಅಣ್ಣ ತಲೆಯೆತ್ತಿ ನೋಡಿದ. “ನೀನೂನಾ?” ಎಂಬ ಹಾಗೆ. ನಾನು ನಂಬುವವಳೇ ಅಣ್ಣ. ಆದರೆ ಇದನ್ನು ಹೇಳುವವಳು ನಾನು, ನೋಡಿದವಳೂ ನಾನು. ದೇವರ ಹೆಸರನ್ನು ಆ ಕಂಟ್ರೋಲ್ ರೂಮಿನಲ್ಲಿ ನಾವು ಸಾಕಷ್ಟು ಸವೆಸಿದ್ದೇವೆ.

ಇಲ್ಲಪ್ಪ ಹೊರಗೆ ಬಂದ. ನಮ್ಮಿಬ್ಬರನ್ನೂ ನೋಡಿ, ಯಾರ ಪಕ್ಕ ಕೂರುವುದು ಎಂದು ತಿಳಿಯದೆ ಕಿಟಕಿಯ ಹತ್ತಿರ ನಿಂತ.

ಅಣ್ಣ ಎದ್ದ. ಕುಂಟುತ್ತಾ ಬಂದು ನನ್ನ ಮುಂದೆ ನಿಂತ.

“ತಿಂಡಿ ತಿಂದ್ಯಾ ಪುಟ್ಟಿ?”

ಇಲ್ಲ ಅಂದೆ.

“ಒಳಗೆ ಬ್ಯಾಗ್ ಬಿಡಲ್ವಂತೆ. ಇಲ್ಲಿ ಕೊಡು, ನಾನು ಹಿಡ್ಕೊಂಡಿರ್ತೀನಿ.”

ಪಕ್ಕದಲ್ಲೇ ಕೂತಿದ್ದಾನೆ, ಕೈ ಚಾಚಿಕೊಂಡು, ನಾನು ಬರೆದು ಮುಗಿಸಲಿ ಎಂದು. ಏನು ಬರೆಯುತ್ತಿದ್ದೇನೆಂದು ಬಗ್ಗಿ ನೋಡುತ್ತಿಲ್ಲ. ಕಣ್ಣು ಬಾಗಿಲ ಮೇಲೆ. ಪುಸ್ತಕವೂ ಬ್ಯಾಗಿನಲ್ಲೇ ಹೋಗಬೇಕು. ಓದಿದರೆ ಓದಲಿ.

ಕರೆಯುತ್ತಿದ್ದಾರೆ.

ಅಣ್ಣಾ, ಆ ಇನ್ನೊಂದು ಚೀಟಿ ಈ ಪುಸ್ತಕದ ಕಡೇ ಹಾಳೆಯಲ್ಲಿದೆ. ನಾನು ಬಿಚ್ಚಿಲ್ಲ, ಬಿಚ್ಚುವುದೂ ಇಲ್ಲ. ಅದರಲ್ಲಿ ನೀನು ಏನು ಬರೆದಿದ್ದೆ ಅಂತ, ನಾನು ಹೊರಗೆ ಬಂದ ಮೇಲೆ, ನೀನೇ ನಿನ್ನ ಬಾಯಿಂದ